ಎಣ್ಣೆ ಬಿದ್ದ ಬಾವಿ ಮತ್ತು ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ

ಕರೆಂಟು ಕೈಕೊಟ್ಟಾಗ ಬಾವಿಯ ದಂಡೆಗೆ ಡೀಸೆಲ್ ಎಂಜಿನ್ ತರುವುದು ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಿನ ಅಡಿಕೆ ತೋಟಗಳಲ್ಲಿಯೂ ಸವಣೂರಿನ ಎಲೆಬಳ್ಳಿ ತೋಟಗಳಲ್ಲಿಯೂ ಹೊಸದಲ್ಲ. ಡೀಸೆಲ್ ಚೆಲ್ಲುತ್ತದೆ, ಹಳೆಯ ಆಯಿಲನ್ನು ಅಲ್ಲಿಯೇ ಸುರಿಯುತ್ತೇವೆ. ಮಳೆ ಬಂದರೆ ಎರಡೂ ಬಾವಿಗೆ. ಅದೇ ನೀರನ್ನು ಮನೆಯವರೂ ದನಕರುಗಳೂ ಕುಡಿಯುವುದುಂಟು.

ಈ ಎಣ್ಣೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಅವನ್ನು ಎಲ್ಲಿಂದಲೋ ತರಿಸಬೇಕಾಗಿಲ್ಲ, ನಮ್ಮ ತೋಟದ ಮಣ್ಣಿನಲ್ಲಿಯೇ ಇವೆ. ಅವಕ್ಕೆ ಎಣ್ಣೆಯಿಂದ ಇಂಗಾಲ ಬೇಕಾದಷ್ಟು ಸಿಗುತ್ತದೆ. ಕೊರತೆ ಬೀಳುವುದು ಗಾಳಿ, ಸಾರಜನಕ ಮತ್ತು ರಂಜಕ. 1989ರಲ್ಲಿ ಅಲಾಸ್ಕದ ಬಳಿ ಎಕ್ಸಾನ್ ವಾಲ್ಡೀಜ್ ಹಡಗಿನ ಕಚ್ಚಾ ತೈಲ ಸಮುದ್ರದ ಪಾಲಾದಾಗ ದಂಡೆಗೆ ಮುಖ್ಯವಾಗಿ ಹಾಕಿದ್ದು ಬ್ಯಾಕ್ಟೀರಿಯಾವನ್ನಲ್ಲ, ಗೊಬ್ಬರವನ್ನು! ಅಲ್ಲಿಯವೇ ಆದ ಜೀವಿಗಳು ಆ ಮೇವಿನಿಂದ ಚುರುಕಾದವು. ನಮ್ಮ ದೇಶದಲ್ಲಿ ದಿಲ್ಲಿಯ ಟೆರಿ ಸಂಸ್ಥೆ ರೂಪಿಸಿದ ‘ಆಯಿಲ್ ಜಾಪರ್’ ಎಂಬುದಿದೆ. ಅದರಲ್ಲಿ ಆಯ್ದ ಬ್ಯಾಕ್ಟೀರಿಯಾಗಳನ್ನು ಗೋವಿನಜೋಳದ ದಿಂಡಿನ ಪುಡಿಯಲ್ಲಿ ಸೇರಿಸಿರುತ್ತಾರೆ (ನಮ್ಮ ಕಡೆ ಒಲೆಗೆ ಹೋಗುವ ಅದೇ ದಿಂಡು). ಅದು ತೈಲ ಶುದ್ಧೀಕರಣ ಕಾರ್ಖಾನೆಗಳ ಎಣ್ಣೆಗಸಿಯಂಥ ದೊಡ್ಡ ಕೆಲಸಕ್ಕೆ. ಒಂದು ಬಾವಿಗಾಗಿ ಅದರ ಬೆನ್ನುಹತ್ತುವುದು ಬೇಡವೆಂದು ನಮ್ಮ ಅಭಿಪ್ರಾಯ.

ಹಾಗೆಂದು ಬಾವಿಗೇ ಸಗಣಿಯನ್ನೋ ಯೂರಿಯಾವನ್ನೋ ಹಾಕಬಾರದು. ಕುಡಿಯುವ ನೀರು ಮತ್ತಷ್ಟು ಕೆಡುತ್ತದೆ. ಮೊದಲು ಪಂಪು ನಿಲ್ಲಿಸಿರಿ. ಎಣ್ಣೆ ಮೇಲೆ ತೇಲುತ್ತದೆ. ಒಣಹುಲ್ಲು, ಹಳೆಯ ಹತ್ತಿಬಟ್ಟೆಗಳಿಂದ ಅದನ್ನು ಹೀರಿ ತೆಗೆಯಿರಿ. ಬ್ಯಾಕ್ಟೀರಿಯಾದ ಕೆಲಸ ಆಮೇಲೆ, ಅದೂ ಬಾವಿಯ ಹೊರಗೆ. ಎಣ್ಣೆ ಹತ್ತಿದ ಹುಲ್ಲನ್ನೂ ದಂಡೆಯ ಮಣ್ಣನ್ನೂ ಬಾವಿಯಿಂದ ದೂರ, ಮಳೆನೀರು ಹರಿಯದ ಎತ್ತರದ ಜಾಗದಲ್ಲಿ ದಪ್ಪ ತಾಡಪಾಲಿನ ಮೇಲೆ ಅರ್ಧ ಅಡಿಗಿಂತ ದಪ್ಪವಾಗದಂತೆ ಹರಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ತುಸು ಯೂರಿಯಾ, ಸೂಪರ್ ಫಾಸ್ಫೇಟನ್ನೂ ಬೆರೆಸಿರಿ. ಹಸಿ ಆರದಂತೆ ನೀರು ಚಿಮುಕಿಸಿ, ವಾರಕ್ಕೊಮ್ಮೆ ಮಗುಚಿರಿ. ಜೋರು ಮಳೆಯಲ್ಲಿ ಮುಚ್ಚಿಡಿರಿ. ಡೀಸೆಲ್ ಕರಗಲು ತಿಂಗಳುಗಳೇ ಬೇಕು. ಮಿಕ್ಕ ಬೋರ್ಡೋ ದ್ರಾವಣವನ್ನು ಅಲ್ಲಿ ಚೆಲ್ಲಬೇಡಿರಿ. ಕೊಳೆರೋಗದ ಶಿಲೀಂಧ್ರವನ್ನು ತಡೆಯುವ ಮೈಲುತುತ್ತ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲಿನ ಮಾತೇ ಬೇರೆ. ಅದರಲ್ಲಿ ಸವೆದ ಲೋಹದ ಅಂಶವಿರುತ್ತದೆ, ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಅದನ್ನು ನೆಲಕ್ಕೆ ಸುರಿಯದೆ ಡಬ್ಬಿಯಲ್ಲಿ ಹಿಡಿದಿಟ್ಟು, ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಿರಿ. ವಾಸನೆ ಹೋಯಿತೆಂದು ಬಾವಿಯ ನೀರನ್ನು ಕುಡಿಯಲು ತೊಡಗಬೇಡಿರಿ. ಪ್ರಯೋಗಶಾಲೆಯಲ್ಲಿ ಪರೀಕ್ಷೆಯಾಗುವವರೆಗೆ ಮನೆಗೂ ದನಗಳಿಗೂ ಬೇರೆ ನೀರು ತನ್ನಿರಿ.