ಅಚಲೆ ನಡೆದ ಕಥೆ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಭೂಮಿಯ ಹೆಸರುಗಳು ನಾಲಗೆಯ ತುದಿಯಲ್ಲಿರುತ್ತವೆ. ಆ ಪರ್ಯಾಯ ಪದಗಳ ಸಾಲಿನಲ್ಲಿ ಅಚಲಾ ಎಂಬುದೊಂದು, ಸ್ಥಿರಾ ಎಂಬುದು ಇನ್ನೊಂದು. ಅಲುಗದವಳು, ನೆಲೆ ನಿಂತವಳು ಎಂದು ಅರ್ಥ. ಹಳಗನ್ನಡ ಪದ್ಯಗಳಿಗೆ ತಾತ್ಪರ್ಯ ಹೇಳುವಾಗ ನಾನೂ ‘ಅಚಲೆ ಎಂದರೆ ಭೂಮಿ’ ಎಂದಷ್ಟೇ ಹೇಳಿ ಮುಂದಿನ ಚರಣಕ್ಕೆ ಸಾಗುತ್ತೇನೆ. ಆದರೆ ನಾನು ಪಾಠ ಹೇಳುವ ವಿಜಯಪುರದ ನೆಲದಡಿಯ ಕರಿಯ ಕಲ್ಲು ಈ ಹೆಸರನ್ನು ಒಪ್ಪುವುದಿಲ್ಲ. ಭೂಮಧ್ಯರೇಖೆಯಿಂದ ಬಹುದೂರ ದಕ್ಷಿಣದಲ್ಲಿ ಹುಟ್ಟಿದ ಕಲ್ಲು ಅದು. ಹುಟ್ಟಿದ ಸ್ಥಳದ ಗುರುತನ್ನು ಇಂದಿಗೂ ತನ್ನೊಳಗೆ ಉಳಿಸಿಕೊಂಡಿದೆ. ಆ ಗುರುತು ಮೂಡಿದ್ದು ಹೇಗೆ, ಅದನ್ನು ಓದಿದವರು ಯಾರು ಎಂಬುದು ವಿಜ್ಞಾನದ ವಿಷಯವಾದರೂ ಸಾಹಿತ್ಯದ ವಿದ್ಯಾರ್ಥಿಗಳೂ ಕೇಳಬೇಕಾದ ಕಥೆ.

ಸೂಜಿಗಲ್ಲನ್ನು ನಾವು ಅಯಸ್ಕಾಂತ ಎನ್ನುತ್ತೇವೆ. ಅಯಸ್ಸು ಎಂದರೆ ಕಬ್ಬಿಣ. ಅದಕ್ಕೆ ಪ್ರಿಯನಾದವನು ಅಯಸ್ಕಾಂತ. ಶೃಂಗಾರರಸ ತುಂಬಿದ ಈ ಹೆಸರಿಟ್ಟವನು ರಸಿಕನೇ ಸರಿ. ಆದರೆ ಈ ಪ್ರೀತಿಗೆ ಉಷ್ಣದ ಒಂದು ಗಡಿಯಿದೆ. ಕಬ್ಬಿಣ ಕೆಂಪಗೆ ಕಾದರೆ ಅದರ ಕಾಂತಗುಣ ಅಳಿಯುತ್ತದೆಂದು ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ 1600ರಷ್ಟು ಹಿಂದೆಯೇ ಬರೆದಿದ್ದ. ಆ ಗಡಿಯನ್ನು ಶ್ರದ್ಧೆಯಿಂದ ಅಳೆದವನು ಪಿಯರ್ ಕ್ಯೂರಿ. 1895ರಲ್ಲಿ ಅವನು ಡಾಕ್ಟರ್ ಪದವಿಗೆ ಬರೆದ ಪ್ರಬಂಧದ ವಸ್ತುವೇ ಇದು. ಕಬ್ಬಿಣಕ್ಕೆ ಸುಮಾರು 770 ಡಿಗ್ರಿ ಸೆಲ್ಸಿಯಸ್, ನಿಕ್ಕಲಿಗೆ ಸುಮಾರು 358. ಈ ಗಡಿಯನ್ನು ಇಂದಿಗೂ ಕ್ಯೂರಿ ಬಿಂದು ಎಂದೇ ಕರೆಯುತ್ತಾರೆ.

ನಮ್ಮ ಭೌತಶಾಸ್ತ್ರದ ಅಧ್ಯಾಪಕ ಮಿತ್ರರು ಒಮ್ಮೆ ಇದನ್ನು ನನ್ನ ಕಣ್ಣೆದುರಿಗೇ ತೋರಿಸಿದರು. 1964ರಲ್ಲಿ ನೆಹರೂ ಅವರ ಸ್ಮರಣಾರ್ಥ ಹೊರಟ ನಿಕ್ಕಲಿನ ರೂಪಾಯಿ ನಾಣ್ಯವೊಂದು ಅವರ ಬಳಿ ಇದೆ. ಅದನ್ನು ತಂತಿಯಲ್ಲಿ ತೂಗುಬಿಟ್ಟು, ಪಕ್ಕದಲ್ಲಿ ಅಯಸ್ಕಾಂತವಿಟ್ಟರು. ನಾಣ್ಯ ಅತ್ತ ವಾಲಿ ನಿಂತಿತು. ಕೆಳಗೆ ಉರಿ ಹಿಡಿದರು. ಕೆಲವು ನಿಮಿಷ ಏನೂ ಆಗಲಿಲ್ಲ. ಆಮೇಲೆ ನಾಣ್ಯ ತಟ್ಟನೆ ಹಿಡಿತ ಬಿಟ್ಟು ನೆಟ್ಟಗೆ ಇಳಿಬಿದ್ದಿತು. ಉರಿ ತೆಗೆದು ತುಸು ಹೊತ್ತು ಕಾದಾಗ ಮತ್ತೆ ಅಯಸ್ಕಾಂತದ ಕಡೆಗೇ ವಾಲಿತು. ಈ ನಡುವೆ ನಾಣ್ಯ ಕರಗಲಿಲ್ಲ, ಆಕಾರ ಕೆಡಲಿಲ್ಲ. ನೋಡುವವರಿಗೆ ಅದೇ ರೂಪಾಯಿ. ಆದರೆ ಒಳಗಿನ ಸ್ಥಿತಿ ಬೇರೆಯಾಗಿ ಹೋಗಿತ್ತು.

ನೀರು ಹೆಪ್ಪುಗಟ್ಟುವುದು, ಕುದಿದು ಆವಿಯಾಗುವುದು ನಮಗೆ ಪರಿಚಿತವಾದ ಸ್ಥಿತ್ಯಂತರಗಳು; ಕಣ್ಣಿಗೆ ಕಾಣುತ್ತವೆ. ಕ್ಯೂರಿ ಬಿಂದುವಿನಲ್ಲಿ ನಡೆಯುವುದೂ ಸ್ಥಿತ್ಯಂತರವೇ, ಆದರೆ ಗುಪ್ತವಾದದ್ದು. ಲೋಹದ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ತೇರಿನ ಹಗ್ಗ ಹಿಡಿದ ಜನರನ್ನು ನೆನೆಯಿರಿ. ಒಬ್ಬನ ಕೈ ಯಾವ ಕಡೆಗೆ ಎಳೆಯುತ್ತದೆಯೋ ಪಕ್ಕದವನ ಕೈಯೂ ಆ ಕಡೆಗೇ ಎಳೆಯುತ್ತದೆ. ಆದ್ದರಿಂದಲೇ ತೇರು ಸಾಗುತ್ತದೆ. ಪರಮಾಣುಗಳೂ ಹೀಗೆ ನೆರೆಯವುಗಳ ದಿಕ್ಕನ್ನೇ ಹಿಡಿಯುತ್ತವೆ ಎಂಬ ವಿವರಣೆಯನ್ನು 1907ರಲ್ಲಿ ಪಿಯರ್ ವೈಸ್ ಕೊಟ್ಟನು. ಉಷ್ಣ ಏರಿದಂತೆ ನೂಕುನುಗ್ಗಲು ಹೆಚ್ಚುತ್ತದೆ; ಒಬ್ಬೊಬ್ಬರಾಗಿ ಕೈಬಿಡುತ್ತಾರೆ. ಕ್ಯೂರಿ ಬಿಂದುವನ್ನು ಮುಟ್ಟುವ ಹೊತ್ತಿಗೆ ಜನರಿದ್ದಾರೆ, ಹಗ್ಗವೂ ಇದೆ, ಒಮ್ಮತವಿಲ್ಲ. ಮತ್ತೆ ತಣಿದಾಗ ಒಮ್ಮತ ಹುಟ್ಟುತ್ತದೆ. ಯಾವ ದಿಕ್ಕಿಗೆ? ಇಲ್ಲಿಯೇ ಇರುವುದು ಸ್ವಾರಸ್ಯ. ಆ ಗಳಿಗೆಯಲ್ಲಿ ಹೊರಗಿನ ಕಾಂತಕ್ಷೇತ್ರ ಎಷ್ಟೇ ದುರ್ಬಲವಾಗಿದ್ದರೂ ಸರಿ, ಅದು ತೋರಿಸಿದ ದಿಕ್ಕಿನತ್ತ ಒಲವು ಮೂಡುತ್ತದೆ.

ಈಗ ನಮ್ಮ ಕರಿಯ ಕಲ್ಲಿಗೆ ಬರೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದ ನೆಲ ಬಿರಿದು, ಲಾವಾರಸ ಪದರದ ಮೇಲೆ ಪದರವಾಗಿ ಹರಿಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶ ಅದರ ಹೊದಿಕೆಯ ಕೆಳಗಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಗಳು ಆ ಹೊದಿಕೆಯ ದಕ್ಷಿಣದ ಅಂಚು. ನಮ್ಮ ಜೋಳ ಬೆಳೆಯುವ ಎರೆಭೂಮಿ ಅದೇ ಕಲ್ಲು ಸವೆದು ಆದ ಮಣ್ಣು. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಟ್ರ್ಯಾಪ್ ಎಂದರೆ ಇಲ್ಲಿ ಬೋನಲ್ಲ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗಿರುವ ಹೆಸರಿನಿಂದ ಬಂದ ಮಾತು. ಮೆಟ್ಟಿಲು ಮೆಟ್ಟಿಲಾದ ಆ ಗುಡ್ಡಗಳನ್ನು ಕಂಡವರಿಗೆ ಹೆಸರಿನ ಔಚಿತ್ಯ ಹೊಳೆಯದಿರದು.

ಸಾವಿರ ಡಿಗ್ರಿಗೂ ಮಿಕ್ಕಿ ಕಾದಿದ್ದ ಆ ರಸ ಮೊದಲು ಹೆಪ್ಪುಗಟ್ಟಿ ಕಲ್ಲಾಯಿತು. ಆಗ ಅದಕ್ಕೆ ಕಾಂತತ್ವವಿರಲಿಲ್ಲ. ಕಲ್ಲಿನೊಳಗೆ ಮ್ಯಾಗ್ನಟೈಟ್ ಜಾತಿಯ ಕಬ್ಬಿಣದ ಅದಿರಿನ ಸೂಕ್ಷ್ಮ ಕಣಗಳಿರುತ್ತವೆ. ಶುದ್ಧ ಮ್ಯಾಗ್ನಟೈಟಿನ ಕ್ಯೂರಿ ಬಿಂದು ಸುಮಾರು 580 ಡಿಗ್ರಿ. ಟೈಟಾನಿಯಂ ಬೆರೆತರೆ ಇನ್ನೂ ಕಡಿಮೆ. ಉಷ್ಣ ಅಷ್ಟಕ್ಕೆ ಇಳಿದ ಮೇಲೆ ಕಣಗಳು ಒಮ್ಮತಕ್ಕೆ ಬಂದು, ಅಂದಿನ ಭೂಕಾಂತದ ದಿಕ್ಕನ್ನು ಹಿಡಿದು, ಮತ್ತೂ ತಣಿದಂತೆ ಅದನ್ನು ಬಿಡದೆ ಉಳಿದವು. ಕಲ್ಲಾದ ಮೇಲೆ ಕಲ್ಲಿಗೆ ನೆನಪು ಹುಟ್ಟಿತು ಎನ್ನಬಹುದು.

ದಿಕ್ಕು ತಿಳಿದರೆ ಊರು ತಿಳಿಯುವುದು ಹೇಗೆ? ಭೂಮಿಯ ಕಾಂತರೇಖೆ ಭೂಮಧ್ಯರೇಖೆಯ ಬಳಿ ನೆಲಕ್ಕೆ ಸಮನಾಗಿ ಮಲಗಿರುತ್ತದೆ. ಧ್ರುವದ ಕಡೆಗೆ ಹೋದಷ್ಟೂ ಓರೆಯಾಗಿ, ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತದೆ. ಓರೆಯನ್ನು ಅಳೆದರೆ ಅಕ್ಷಾಂಶ ಸಿಕ್ಕಿತು. ರೇಖೆ ಕೆಳಮುಖವಾಗಿ ಇಳಿಯುವುದು ಹತ್ತಿರದ ಧ್ರುವದ ಕಡೆಗೆ. ದೀರ್ಘಕಾಲದ ಸರಾಸರಿಯಲ್ಲಿ ವಿಜಯಪುರದ ಅಕ್ಷಾಂಶಕ್ಕೆ ತಕ್ಕ ಇಳಿಜಾರು ಸುಮಾರು 31 ಡಿಗ್ರಿ, ಉತ್ತರದ ಕಡೆಗೆ. ಆದರೆ ದಖ್ಖಣದ ಕಲ್ಲುಗಳಲ್ಲಿ ಅದು ಇದಕ್ಕಿಂತ ಕಡಿದಾಗಿದೆ, ಇಳಿದಿರುವುದಂತೂ ದಕ್ಷಿಣಕ್ಕೆ!

ಇದನ್ನು ಮೊದಲು ಕಂಡವರಲ್ಲಿ ಎಡ್ವರ್ಡ್ ಇರ್ವಿಂಗ್ ಎಂಬ ಕೇಂಬ್ರಿಜ್ ವಿದ್ಯಾರ್ಥಿ ಒಬ್ಬ. ಖಂಡಗಳು ಚಲಿಸುತ್ತವೆಂದು ಜರ್ಮನಿಯ ಆಲ್ಫ್ರೆಡ್ ವೇಗೆನರ್ 1912ರಲ್ಲಿ ಹೇಳಿ ನಗೆಪಾಟಲಿಗೆ ಗುರಿಯಾಗಿ, 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಸತ್ತಿದ್ದ. ಅವನ ಮಾತು ನಿಜವಾದರೆ ಎಲ್ಲಕ್ಕಿಂತ ದೂರ ನಡೆದ ನೆಲಗಳಲ್ಲಿ ಭಾರತವೂ ಒಂದಾಗಬೇಕು. 1950ರ ದಶಕದ ಆರಂಭದಲ್ಲಿ ಇರ್ವಿಂಗ್ ದಖ್ಖಣದ ಕಲ್ಲುಗಳನ್ನು ತರಿಸಿ ಅಳೆದಾಗ ಉತ್ತರ ವೇಗೆನರನ ಪರವಾಗಿ ಬಂತು. ಆದರೆ 1954ರಲ್ಲಿ ಅವನ ಪ್ರಬಂಧಕ್ಕೆ ಡಾಕ್ಟರ್ ಪದವಿ ದೊರೆಯಲಿಲ್ಲ. ಅವನು ಆಸ್ಟ್ರೇಲಿಯಕ್ಕೆ ಹೊರಟುಹೋಗಿ ಅಲ್ಲಿ ಅದೇ ಕೆಲಸ ಮುಂದುವರಿಸಿದ. 1965ರಲ್ಲಿ ಅದೇ ಕೇಂಬ್ರಿಜ್ ಅವನಿಗೆ ಉನ್ನತ ಪದವಿಯೊಂದನ್ನು ಕೊಟ್ಟಿತು. ಪ್ರಬಂಧಗಳನ್ನು ತಿದ್ದುವ ನನ್ನಂಥವರು ಈ ಹನ್ನೊಂದು ವರ್ಷಗಳನ್ನು ಆಗಾಗ ನೆನೆಯುವುದು ಒಳ್ಳೆಯದು.

ಇದೇ ಕಾಲದಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್, 1948ರಲ್ಲೇ ನೊಬೆಲ್ ಪಡೆದಾತ, ಬೇರೊಂದು ದಾರಿಯಿಂದ ಇಲ್ಲಿಗೆ ಬಂದ. ತಿರುಗುವ ವಸ್ತುವೆಲ್ಲ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆಯೆಂಬುದು ಅವನ ಊಹೆ. ಪರೀಕ್ಷೆಗಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ 15 ಕಿಲೋಗ್ರಾಮಿಗೂ ಮಿಕ್ಕಿದ ಚಿನ್ನದ ಉರುಳೆಯನ್ನು ಎರವಲು ತಂದು, ಅತಿ ಸೂಕ್ಷ್ಮವಾದ ಕಾಂತಮಾಪಕವನ್ನು ಕಟ್ಟಿದ. ಊಹೆ ಸುಳ್ಳಾಯಿತು; 1952ರಲ್ಲಿ ಅದನ್ನು ತಾನೇ ಪ್ರಕಟಿಸಿದ. ಚಿನ್ನ ಬ್ಯಾಂಕಿಗೆ ಮರಳಿತು, ಉಪಕರಣ ಕಲ್ಲುಗಳ ಕಡೆಗೆ ತಿರುಗಿತು. ಅವನ ಗುಂಪಿನ ಕ್ಲೆಗ್, ಡಾಯಿಚ್, ಗ್ರಿಫಿತ್ಸ್ 1956ರಲ್ಲಿ ಭಾರತದ ಶಿಲೆಗಳ ಫಲಿತಾಂಶವನ್ನು ಮುದ್ರಿಸಿದರು. ಆ ಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಕೆಲಸ ಬೆಳೆಯಿತು. ಲಾವಾ ಹರಿದಾಗ ಈ ನೆಲ ದಕ್ಷಿಣ ಅಕ್ಷಾಂಶ 25ರಿಂದ 30 ಡಿಗ್ರಿಗಳ ಆಸುಪಾಸಿನಲ್ಲಿತ್ತು. ಅಲ್ಲಿಂದ ಇಲ್ಲಿಗೆ ಸುಮಾರು 5,000 ಕಿಲೋಮೀಟರ್. ಸರಾಸರಿ ಹಾಕಿದರೆ ವರ್ಷಕ್ಕೆ ಏಳೂವರೆ ಸೆಂಟಿಮೀಟರ್.

ಸಂದೇಹಪಟ್ಟವರು ಸಾಮಾನ್ಯರಲ್ಲ. ಭೂಭೌತಶಾಸ್ತ್ರದ ಹಿರಿಯ ಹೆರಾಲ್ಡ್ ಜೆಫ್ರೀಸ್ 1989ರಲ್ಲಿ ತೀರಿಕೊಳ್ಳುವವರೆಗೂ ಖಂಡಗಳ ಚಲನೆಯನ್ನು ಒಪ್ಪಲಿಲ್ಲ. ಕಲ್ಲಿನ ನೆನಪು ಕೋಟಿ ವರ್ಷ ಕೆಡದೆ ಉಳಿದೀತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಿಡಿಲು ಬಡಿದರೆ ಅದು ಅಳಿಸುತ್ತದೆ. ಹವೆಗೆ ಸವೆದರೆ ಹೊಸ ಗುರುತು ಹಳೆಯದರ ಮೇಲೆ ಕೂರುತ್ತದೆ. ಇದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯಗಳಲ್ಲಿ ಒಂದಕ್ಕೆ ಉಷ್ಣವೇ ಸಾಧನ. ಕಾಂತಕ್ಷೇತ್ರವಿಲ್ಲದ ಕುಲುಮೆಯಲ್ಲಿ ಕಲ್ಲನ್ನು ಹಂತಹಂತವಾಗಿ ಕಾಯಿಸಿ ತಣಿಸಿದರೆ ಮೇಲುಮೇಲಿನ ದುರ್ಬಲ ಗುರುತುಗಳು ಮೊದಲು ಅಳಿಯುತ್ತವೆ, ಹುಟ್ಟುಗುರುತು ಕೊನೆಯವರೆಗೆ ನಿಲ್ಲುತ್ತದೆ. ತಾಳೆಗರಿಯ ಪ್ರತಿಗಳಲ್ಲಿ ಪ್ರಕ್ಷಿಪ್ತಗಳನ್ನು ಕಳೆದು ಮೂಲಪಾಠವನ್ನು ಹುಡುಕುವ ನಮ್ಮ ಗ್ರಂಥಸಂಪಾದಕರಿಗೆ ಈ ಕೆಲಸ ಅಪರಿಚಿತವೆನಿಸಲಾರದು.

ನಡಿಗೆ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪಗ್ರಹಗಳ ಸಂಕೇತ ಹಿಡಿದು ತನ್ನ ನೆಲೆಯನ್ನು ಸದಾ ಅಳೆಯುವ ಕೇಂದ್ರವೊಂದಿದೆ. ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಲೇ ಇದೆ.

ಕಲ್ಲಿನ ನೆನಪನ್ನು ಓದಬೇಕಾದರೆ ಒಂದು ನಿಯಮವುಂಟು: ಅದು ಹುಟ್ಟಿದ ನೆಲೆಯಲ್ಲಿರುವಾಗಲೇ ಮೇಲು ಕೆಳಗು, ಉತ್ತರ ದಕ್ಷಿಣಗಳನ್ನು ಗುರುತು ಹಾಕಿ ತೆಗೆಯಬೇಕು. ನಮ್ಮ ಊರಿನ ಗೋಲಗುಮ್ಮಟ ಇದೇ ಕರಿಯ ಕಲ್ಲಿನ ಕಟ್ಟಡ, 1656ರಲ್ಲಿ ಮುಗಿಯಿತು. ಕಲ್ಲುಕುಟಿಗರು ಗಣಿಯಿಂದ ತಂದ ಕಲ್ಲುಗಳನ್ನು ಗೋಡೆಗೆ ಹೊಂದುವಂತೆ ತಿರುಗಿಸಿ ಮಗುಚಿ ಕೂರಿಸಿದ್ದಾರೆ. ಹೀಗಾಗಿ ಅಲ್ಲಿ ಒಂದು ಕಲ್ಲಿನ ಉತ್ತರ ಆಕಾಶಕ್ಕಿದ್ದರೆ ಇನ್ನೊಂದರದು ಬಾಗಿಲಿಗಿದೆ, ಮತ್ತೊಂದರದು ಸುಲ್ತಾನನ ಗೋರಿಯ ಕಡೆಗೆ.