ಯುದ್ಧಕ್ಕೆ ಮುನ್ನ ವೈದ್ಯರಿಗೂ ಪಾಠ

ಶಾಂತಿಕಾಲದಲ್ಲಿ ಸೇನಾ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಸಾಮಾನ್ಯ ರೋಗಿಗಳು. ಆದರೆ ಯುದ್ಧಭೂಮಿಗೆ ಕಾಲಿಟ್ಟ ಮೊದಲ ದಿನವೇ ಸ್ಫೋಟದಲ್ಲಿ ಕಾಲು ಕಳೆದುಕೊಂಡವನು ಎದುರಾಗಬಹುದು. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಆಗ ಕಲಿಯಲು ಸಮಯವೆಲ್ಲಿದೆ?

2001ರಿಂದ 2011ರ ವರೆಗಿನ ಯುದ್ಧಗಳಲ್ಲಿ ಗಾಯಗೊಂಡು ಮೃತಪಟ್ಟ 4,596 ಅಮೆರಿಕನ್ ಸೈನಿಕರ ಕುರಿತು ಅಧ್ಯಯನ ನಡೆಯಿತು. ಶೇ. 87 ಮಂದಿ ಆಸ್ಪತ್ರೆ ತಲುಪುವ ಮೊದಲೇ ಕೊನೆಯುಸಿರೆಳೆದಿದ್ದರು. ಅವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಬದುಕುವ ಸಾಧ್ಯತೆಯಿತ್ತು. ಅಂತಹವರ ಸಾವಿಗೆ ಮುಖ್ಯ ಕಾರಣ ರಕ್ತಸ್ರಾವ.

ಇದನ್ನು ತಡೆಯಲು ಅಲ್ಲಿ ಮಿಶ್ರ ತರಬೇತಿ ನೀಡಲಾಗುತ್ತದೆ. ಮೊದಲು ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ವೀಡಿಯೊ ಪಾಠ. ಯಾವ ಗಾಯಕ್ಕೆ ಏನು ಮಾಡಬೇಕು, ಏಕೆ ಎಂಬುದನ್ನು ಅದರಿಂದ ತಿಳಿಯಬಹುದು. ಆದರೆ ಟೂರ್ನಿಕೆ ಪಟ್ಟಿಯನ್ನು ಎಷ್ಟು ಬಿಗಿಯಬೇಕೆಂದು ಪರದೆ ಕಲಿಸದು. ಅದಕ್ಕಾಗಿ ಬೊಂಬೆಗಳ ಮೇಲೆ, ಕತ್ತಲಲ್ಲಿ, ಗದ್ದಲದ ನಡುವೆ ಅಭ್ಯಾಸ. ಶಸ್ತ್ರಚಿಕಿತ್ಸಾ ತಂಡಗಳನ್ನು ಮಯಾಮಿಯ ರೈಡರ್ ಟ್ರಾಮಾ ಸೆಂಟರಿನಂತಹ ಆಸ್ಪತ್ರೆಗಳಿಗೂ ಕಳುಹಿಸುತ್ತಾರೆ. ಅಲ್ಲಿ ಗುಂಡೇಟು, ಅಪಘಾತಗಳ ಗಾಯಾಳುಗಳಿಗೆ ಇಡೀ ತಂಡ ಒಟ್ಟಾಗಿ ಚಿಕಿತ್ಸೆ ನೀಡುತ್ತದೆ.

75ನೇ ರೇಂಜರ್ ರೆಜಿಮೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿಯೊಬ್ಬ ಸೈನಿಕನಿಗೂ ಪ್ರಥಮ ಚಿಕಿತ್ಸೆ ಕಲಿಸಿತು. ಅದರ 419 ಗಾಯಾಳುಗಳ ಬಗ್ಗೆ 2011ರಲ್ಲಿ ಪ್ರಕಟವಾದ ವರದಿಯಂತೆ, ಆಸ್ಪತ್ರೆಗೆ ಮುನ್ನ ತಪ್ಪಿಸಬಹುದಾಗಿದ್ದ ಸಾವು ಒಂದೂ ಇರಲಿಲ್ಲ.

ಕಲಿತದ್ದು ಅಭ್ಯಾಸ ತಪ್ಪಿದರೆ ಮರೆತುಹೋಗುತ್ತದೆ. ಆದ್ದರಿಂದ ಪಾಠ ಮತ್ತೆ ಮತ್ತೆ ನಡೆಯಬೇಕು. ರಕ್ತ ಹರಿಯುವ ಗಾಯವನ್ನು ಒತ್ತಿ ಹಿಡಿಯುವ ಮೊದಲ ಕೈ ವೈದ್ಯರದ್ದೇ ಆಗಬೇಕೆಂದಿಲ್ಲ. ಕಲಿತ ಕೈಯಾದರೆ ಸಾಕು.