ಕಡಲಾಚೆ ಸ್ಪ್ಯಾನಿಷ್ ಪಾಠ ಹೇಳಬೇಕೆ?

ಡಾಕ್ಟರು ಅಥವಾ ಎಂಜಿನಿಯರು ಆಗದಿದ್ದರೆ ಹೊರದೇಶಕ್ಕೆ ಹೋಗುವ ದಾರಿಯೇ ಇಲ್ಲವೆಂದು ನಂಬಿರುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಆದರೆ ಅಲ್ಲಿನ ಶಾಲೆಗಳಿಗೆ ಮೇಷ್ಟ್ರೂ ಬೇಕಲ್ಲವೇ? ಇದನ್ನು ಅರಿತ ಕೆಲವು ವಿದ್ಯಾರ್ಥಿಗಳು ಈಗ ಬೇರೊಂದು ಪ್ರಶ್ನೆ ಕೇಳುತ್ತಾರೆ: ‘ಆರು ತಿಂಗಳ ಸ್ಪ್ಯಾನಿಷ್ ಕೋರ್ಸ್ ಮುಗಿಸಿ ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋದರೆ ಅಲ್ಲಿ ಟೀಚರ್ ಆಗಬಹುದೇ ಸಾರ್?’ ಆಗಬಹುದು, ಆದರೆ ಆರು ತಿಂಗಳಲ್ಲಲ್ಲ.

ಬೇಡಿಕೆ ಇರುವುದು ನಿಜ. ಸುಮಾರು 50 ಕೋಟಿ ಜನರ ತಾಯ್ನುಡಿ ಸ್ಪ್ಯಾನಿಷ್. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಇದೂ ಒಂದು. ಅಮೆರಿಕದ ಶಾಲೆಗಳಲ್ಲಿ ಅತಿ ಹೆಚ್ಚು ಮಕ್ಕಳು ಕಲಿಯುವ ವಿದೇಶಿ ಭಾಷೆ ಇದೇ. ಇಂಗ್ಲೆಂಡಿನಲ್ಲಿ, ನಮ್ಮ ಪಿಯುಸಿಗೆ ಸಮಾನವಾದ ‘ಎ ಲೆವೆಲ್’ ಪರೀಕ್ಷೆಯಲ್ಲಿ, 2019ರಲ್ಲಿ ಸ್ಪ್ಯಾನಿಷ್ ಬರೆದವರ ಸಂಖ್ಯೆ ಫ್ರೆಂಚ್ ಬರೆದವರ ಸಂಖ್ಯೆಯನ್ನು ಮೀರಿತು.

ಕನ್ನಡದ ಮಕ್ಕಳಿಗೆ ಸುಲಭವೆ?

ಕೆಲವು ವಿಷಯಗಳಲ್ಲಿ ಇಂಗ್ಲಿಷರ ಮಕ್ಕಳಿಗಿಂತ ಸುಲಭ. ಸ್ಪ್ಯಾನಿಷ್‌ನ ತ, ದ ಉಚ್ಚಾರ ನಮ್ಮ ನಾಲಿಗೆಗೆ ಹೊಸದಲ್ಲ. ‘ಹೋಗುತ್ತೇನೆ’ ಎಂದರೆ ಸಾಕು, ‘ನಾನು’ ಎಂದು ಹೇಳದಿದ್ದರೂ ಅರ್ಥವಾಗುತ್ತದೆ. ಹಾಗೆಯೇ ಅಲ್ಲಿ ‘ಆಬ್ಲೊ’ ಎಂದರೆ ‘ಮಾತಾಡುತ್ತೇನೆ’, ‘ಆಬ್ಲಾಸ್’ ಎಂದರೆ ‘ಮಾತಾಡುತ್ತೀಯ’. ನೀನು, ನೀವು ಎಂಬ ಭೇದವೂ ಉಂಟು: ‘ತು’ ಮತ್ತು ‘ಉಸ್ತೆದ್’. ‘ಮೆ ಗುಸ್ತಾ ಎಲ್ ಕಫೆ’ ಎಂಬ ವಾಕ್ಯದಲ್ಲಿ ‘ನಾನು’ ಇಲ್ಲ, ‘ನನಗೆ’ ಇದೆ. ಇಂಗ್ಲಿಷಿನ ಮಕ್ಕಳು ಇಲ್ಲಿ ತಡವರಿಸುತ್ತಾರೆ. ‘ನನಗೆ ಕಾಫಿ ಇಷ್ಟ’ ಎನ್ನುವ ನಮಗೆ ಅದು ಮನೆಯ ಮಾತು.

ತೊಡಕುಗಳೂ ಇವೆ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ! ನಮ್ಮ ‘ಇರು’ ಎಂಬ ಒಂದೇ ಕ್ರಿಯಾಪದದ ಕೆಲಸಕ್ಕೆ ಅಲ್ಲಿ ‘ಸೆರ್’, ‘ಎಸ್ತಾರ್’ ಎಂಬ ಎರಡು. ಇವು ಕೈಗೂಡಲು ತಿಂಗಳುಗಳಲ್ಲ, ವರ್ಷಗಳೇ ಬೇಕು.

ಮೂರು ಕಾಗದ, ಮೂರು ಕೆಲಸ

ಪೋಷಕರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು. ಭಾಷೆ ಬಲ್ಲೆ ಎಂಬುದಕ್ಕೆ ಒಂದು ಕಾಗದ, ಅದನ್ನು ಶಾಸ್ತ್ರೀಯವಾಗಿ ಓದಿದ್ದೇನೆ ಎಂಬುದಕ್ಕೆ ಇನ್ನೊಂದು, ತರಗತಿಯಲ್ಲಿ ಕಲಿಸಲು ಅರ್ಹ ಎಂಬುದಕ್ಕೆ ಮತ್ತೊಂದು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಮೊದಲನೆಯದು ‘ಡೆಲೆ’ ಪರೀಕ್ಷೆ. ಸ್ಪೇನ್ ಸರ್ಕಾರ 1991ರಲ್ಲಿ ಸ್ಥಾಪಿಸಿದ ಸೆರ್ವಾಂತೆಸ್ ಸಂಸ್ಥೆ ಇದನ್ನು ನಡೆಸುತ್ತದೆ. ದೆಹಲಿಯಲ್ಲಿ ಅದರ ಕೇಂದ್ರವಿದೆ. ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ಪ್ರಮಾಣಪತ್ರಕ್ಕೆ ಕಾಲಮಿತಿ ಇಲ್ಲ. ಕೆಳಗಿನ ಮೆಟ್ಟಿಲುಗಳು ಪ್ರವಾಸಿಗೆ ಸಾಕು. ಪಾಠ ಹೇಳುವವನು ಸಿ1, ಸಿ2 ಕಡೆಗೆ ಕಣ್ಣಿಡಬೇಕು.

ಎರಡನೆಯದು ಪದವಿ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಗಳಲ್ಲಿ ಸ್ಪ್ಯಾನಿಷನ್ನು ಪದವಿ ಮಟ್ಟದಲ್ಲಿ ಓದಬಹುದು. ಅದನ್ನು ವಿದೇಶಿ ಭಾಷೆಯಾಗಿ ಕಲಿಸುವ ವಿಧಾನಕ್ಕೆಂದೇ ಸ್ಪೇನಿನ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿಗಳಿವೆ.

ಮೂರನೆಯದು ಶಿಕ್ಷಕರ ಪರವಾನಗಿ. ಇದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಾದರೆ ರಾಜ್ಯದಿಂದ ರಾಜ್ಯಕ್ಕೇ ಬೇರೆ. ಹಲವು ರಾಜ್ಯಗಳು ‘ಪ್ರಾಕ್ಸಿಸ್’ ಪರೀಕ್ಷೆ ಕೇಳಿದರೆ, ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾ ತಮ್ಮದೇ ಪರೀಕ್ಷೆಗಳನ್ನು ಇಟ್ಟುಕೊಂಡಿವೆ. ನಮ್ಮ ಪದವಿ ಅಲ್ಲಿನದಕ್ಕೆ ಸಮವೇ ಎಂಬ ಮೌಲ್ಯಮಾಪನವೂ ಆಗಬೇಕು. ಇಂಗ್ಲೆಂಡಿನಲ್ಲಿ ಬೇಕಾದದ್ದು ‘ಅರ್ಹ ಶಿಕ್ಷಕ’ ಎಂಬ ಮಾನ್ಯತೆ, ಅಂದರೆ ‘ಕ್ಯೂಟಿಎಸ್’. 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರೂ ಇದಕ್ಕೆ ಅರ್ಜಿ ಹಾಕಲು ಅವಕಾಶವಾಯಿತು. ಆದರೆ 11ರಿಂದ 16 ವರ್ಷದ ಮಕ್ಕಳಿಗೆ ಆ ವಿಷಯವನ್ನೇ ಕಲಿಸುವ ಅರ್ಹತೆ ಇರಬೇಕು. ನನ್ನಂಥ ಬಿ.ಎಸ್ಸಿ., ಬಿ.ಎಡ್. ಮೇಷ್ಟ್ರು ‘ಡೆಲೆ’ ಪಾಸು ಮಾಡಿದ ಮಾತ್ರಕ್ಕೆ ಅಲ್ಲಿ ಸ್ಪ್ಯಾನಿಷ್ ಮೇಷ್ಟ್ರಾಗಲಾರ! ಇಂಗ್ಲೆಂಡಿನಲ್ಲೇ ‘ಪಿಜಿಸಿಇ’ ತರಬೇತಿ ಪಡೆಯುವುದು ಇನ್ನೊಂದು ದಾರಿ. ಅದಕ್ಕೆ ಹಣ ಬೇಕು.

ಸ್ಪೇನಿಗೇ ಹೋದರೆ? ಅಲ್ಲಿನ ಸರ್ಕಾರಿ ಶಾಲೆಯ ಹುದ್ದೆಗೆ ‘ಒಪೊಸಿಸಿಯೊನೆಸ್’ ಎಂಬ ಸ್ಪರ್ಧಾ ಪರೀಕ್ಷೆಯುಂಟು. ಅದು ಬಹುಮಟ್ಟಿಗೆ ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಮೀಸಲು.

ಕೂಸಿಗೆ ಮುಂಚೆ ಕುಲಾವಿ ಬೇಡ

ಆದ್ದರಿಂದ ಕ್ರಮ ಮುಖ್ಯ. ಮೊದಲು ಯಾವ ದೇಶ, ಯಾವ ರಾಜ್ಯ ಎಂದು ಗೊತ್ತುಮಾಡಿಕೊಳ್ಳಿ. ಅಲ್ಲಿನ ಶಿಕ್ಷಣ ಇಲಾಖೆಯ ನಿಯಮವನ್ನು ಸ್ವತಃ ಓದಿ, ಕೋಚಿಂಗ್ ಸೆಂಟರಿನ ಕರಪತ್ರವನ್ನಲ್ಲ. ಬಳಿಕ ಪದವಿಯನ್ನು ಆರಿಸಿ. ಫೀಸು ಕಟ್ಟುವುದು ಕೊನೆಗೆ. ಮದುವೆಯಾಗಿ ಅಮೆರಿಕಕ್ಕೆ ಹೊರಡುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಗಂಡನ ಎಚ್-1ಬಿ ಕೆಲಸದ ಆಧಾರದಲ್ಲಿ ಸಿಗುವ ಎಚ್-4 ವೀಸಾ ತಾನಾಗಿಯೇ ದುಡಿಯುವ ಹಕ್ಕನ್ನು ಕೊಡುವುದಿಲ್ಲ. ಪ್ರತ್ಯೇಕ ಅನುಮತಿ ಇಲ್ಲದೆ ಸಂಬಳಕ್ಕೆ ಪಾಠ ಹೇಳುವಂತಿಲ್ಲ.

‘ಸ್ಪೇನಿನವರೇ ಇರುವಾಗ ನಮ್ಮ ಹುಡುಗಿಯನ್ನು ಯಾರು ಕರೆಯುತ್ತಾರೆ?’ ಎಂದು ತಂದೆತಾಯಿ ಕೇಳಬಹುದು. ಸಹಜ ಪ್ರಶ್ನೆ. ತಾಯ್ನುಡಿಯವರಿಗೆ ಭಾಷೆ ಉಸಿರಾಟದಷ್ಟು ಸಲೀಸು. ಉಸಿರಾಡುವುದು ಹೇಗೆಂದು ವಿವರಿಸುವುದು ಕಷ್ಟ. ಹೊರಗಿನಿಂದ ಬಂದು ಕಲಿತವಳಿಗೆ ‘ಸೆರ್’, ‘ಎಸ್ತಾರ್’ ಎಲ್ಲಿ ಕಾಲು ತೊಡರಿಸುತ್ತವೆಂದು ಗೊತ್ತು. ತಾನೂ ಅಲ್ಲೇ ಎಡವಿದವಳಲ್ಲವೇ? ಎಡವುವ ಮಗುವಿನ ಪಕ್ಕದಲ್ಲಿ ನಿಲ್ಲಬಲ್ಲ ಮೇಷ್ಟ್ರು ಯಾವ ದೇಶದ ಶಾಲೆಗೂ ಬೇಕು. ಆದರೆ ಶಾಲೆಯ ಬಾಗಿಲು ತೆರೆಯುವುದು ಆ ಮೂರು ಕಾಗದಗಳು. ಅವುಗಳ ತಯಾರಿ ಶುರುವಾಗಬೇಕಾದದ್ದು ವಿಮಾನ ಹತ್ತುವಾಗಲ್ಲ, ಪಿಯುಸಿ ಮುಗಿಸಿ ಪದವಿ ಆರಿಸಿಕೊಳ್ಳುವಾಗ.